ಕಾರಿನಲ್ಲಿ ಹುಳುಮನೆಯ ಥರ್ಮಾಮೀಟರು

ಆ ದಿನ ರೇಷ್ಮೆಹುಳು ಸಾಕುವ ನಮ್ಮ ಹುಳುಮನೆಯ ಗೋಡೆಯಲ್ಲಿದ್ದ ಥರ್ಮಾಮೀಟರನ್ನು ಬಿಚ್ಚಿ, ಟವೆಲಿನಲ್ಲಿ ಸುತ್ತಿಕೊಂಡು ಕಾರು ಹತ್ತಿದೆ. ಸೊಸೆ ನೋಡಿ ನಕ್ಕಳು.

“ಏನತ್ತೆ, ಕಾರಿಗೂ ಜ್ವರ ನೋಡ್ತೀರಾ?”

“ನೋಡ್ತೀನಿ. ನೀನು ಸುಮ್ನೆ ಓಡ್ಸು.”

ತಾಯಲೂರಿನ ಹತ್ತಿರ ನಮ್ಮ ಹಿಪ್ಪುನೇರಳೆ ತೋಟ. ರೇಷ್ಮೆಯ ಮರಿಹುಳುಗಳನ್ನು ಮಾಲೂರಿನ ಕಡೆಯ, ಮೊಟ್ಟೆಯೊಡೆದ ಮರಿಗಳನ್ನು ಸಾಕಿ ಮಾರುವ ಚಾಕಿ ಕೇಂದ್ರದಿಂದ ತರುತ್ತೇವೆ. ಆ ವಯಸ್ಸಿನ ಹುಳುವಿಗೆ ಇಪ್ಪತ್ತೇಳು ಡಿಗ್ರಿ ಬೇಕು. ಹಿಂದಿನ ಬೆಳೆಯಲ್ಲಿ ಅರ್ಧ ಹುಳು ಪೊರೆ ಬಿಡಲು ಮಲಗಿದ್ದರೆ ಇನ್ನರ್ಧ ಮೇಯುತ್ತಿದ್ದವು. ಹಾಗೆ ಹಿಂದುಮುಂದಾದ ಹುಳು ಉದ್ಧಾರವಾಗುವುದಿಲ್ಲ. ಮುಕ್ಕಾಲು ಪಾಲನ್ನು ತಿಪ್ಪೆಗೆ ಸುರಿದೆವು. ಸೊಪ್ಪು ಕೊಯ್ದು ಹಾಕುವವಳು ಸೊಸೆ. ನೀನೇ ಒದ್ದೆ ಸೊಪ್ಪು ಹಾಕಿ ಕೊಂದೆ ಎಂದು ಅವಳನ್ನು ಎದುರುಮನೆಯವರಿಗೆ ಕೇಳುವಂತೆ ಬೈದಿದ್ದೆ.

ಬೈದ ಮೇಲೂ ನನಗೆ ನೆಮ್ಮದಿಯಿರಲಿಲ್ಲ. ಸೊಪ್ಪನ್ನು ನಾನೂ ಮುಟ್ಟಿದ್ದೆ. ಒದ್ದೆಯಿರಲಿಲ್ಲ. ದಾರಿಯಲ್ಲಿ ಕಾವು ತಪ್ಪಿದರೂ ಹುಳು ಹಾಗೆ ಹಿಂದುಮುಂದಾಗುತ್ತದೆ. ಈ ಬೆಳೆಯೂ ಹಾಗೇ ಆದರೆ ಯಾರನ್ನು ಬೈಯಲಿ?

ಕೇಂದ್ರದಲ್ಲಿ ನಮ್ಮ ಸರದಿ ಬರುವಷ್ಟರಲ್ಲಿ ಬಿಸಿಲು ಸುಡುತ್ತಿತ್ತು. ಹಿಂದಿನ ಸೀಟಿನಲ್ಲಿ ಹುಳುವಿನ ಟ್ರೇಗಳನ್ನಿಟ್ಟು ಪಕ್ಕದಲ್ಲಿ ಕೂತೆ. ನಮ್ಮ ಕಾರಿನಲ್ಲಿ ಎಷ್ಟು ಡಿಗ್ರಿ ಬೇಕೋ ಒತ್ತಿದರೆ ಸಾಕು, ಎಸಿ ತಾನೇ ನೋಡಿಕೊಳ್ಳುತ್ತದಂತೆ. ಸೊಸೆ ಇಪ್ಪತ್ತೇಳು ಒತ್ತಿದಳು. ಪರದೆಯೂ ಇಪ್ಪತ್ತೇಳು ಎಂದಿತು. ಕೋಲಾರ ಸಮೀಪಿಸುವಾಗ ನನ್ನ ಥರ್ಮಾಮೀಟರು ಇಪ್ಪತ್ತೊಂದು ತೋರಿಸುತ್ತಿತ್ತು. ಟ್ರೇಯ ಮೇಲಿನ ಕಾಗದ ಎತ್ತಿ ನೋಡಿದೆ. ಹುಳು ಸೊಪ್ಪು ಬಿಟ್ಟು ಮುದುರಿಕೊಂಡಿದ್ದವು.

“ಲೇ, ನಿನ್ ಕಾರು ಸುಳ್ ಹೇಳ್ತೈತೆ.”

ಇಪ್ಪತ್ತೊಂಬತ್ತಕ್ಕೆ ಏರಿಸಿದಳು. ಮತ್ತೆ ಅದೇ ಚಳಿ. ಎಸಿ ಆರಿಸಿ ಕಿಟಕಿ ಇಳಿಸಿದರೆ ಬಿಸಿಗಾಳಿಗೆ ಸೊಪ್ಪು ಬಾಡತೊಡಗಿತು. ಊರಿಗೆ ಇನ್ನೂ ದೂರವಿತ್ತು. ಕೋಲಾರದ ಹೊರಗೆ ಒಂದು ಗ್ಯಾರೇಜಿನ ಮುಂದೆ ನಿಲ್ಲಿಸಿದಳು.

ಟ್ರೇಗಳನ್ನು ಹೊಂಗೆಮರದ ನೆರಳಿಗೆ ಇಳಿಸಿ, ಮೇಲೆ ಒದ್ದೆ ಗೋಣಿ ಹೊದಿಸಿದೆವು. ಅಲ್ಲಿ ಇರುವೆ ಸಾಲು. ಹುಳುವಿನ ವಾಸನೆ ಹತ್ತಿದರೆ ಇರುವೆ ಬಿಡುತ್ತದೆಯೇ? ಇರುವೆ ಸಾಲನ್ನು ಕಾಲಿನಲ್ಲಿ ಉಜ್ಜಿ ಅಳಿಸುವುದು, ಓಡಿಹೋಗಿ ಕಾರಿನೊಳಗೆ ಇಣುಕುವುದು, ಮತ್ತೆ ಮರದಡಿಗೆ ಬರುವುದು, ಇದೇ ಆಯಿತು.

ಮೆಕ್ಯಾನಿಕ್ ಕಾರಿಗೆ ಒಂದು ವೈರು ಸಿಕ್ಕಿಸಿ ಕೈಯಲ್ಲಿದ್ದ ಕಂಪ್ಯೂಟರ್ ನೋಡಿದ.

“ಏನೂ ಫಾಲ್ಟ್ ತೋರಿಸ್ತಿಲ್ಲ ಅವ್ವಾ. ನಿಮ್ಗೆ ವಯಸ್ಸಾಯ್ತು, ಅದಕ್ಕೆ ಚಳಿ.”

“ನನಗಾಯ್ತು. ಥರ್ಮಾಮೀಟ್ರಿಗೂ ವಯಸ್ಸಾಯ್ತೇನಪ್ಪಾ?”

ಅವನು ನಗುತ್ತಾ ಥರ್ಮಾಮೀಟರನ್ನು ಇಸಿದುಕೊಂಡು ಕಾರಿನಲ್ಲಿ ಕೂತ. ಸ್ವಲ್ಪ ಹೊತ್ತಿಗೆ ನಗು ನಿಂತಿತು. ಸ್ಟಿಯರಿಂಗ್ ಪಕ್ಕದ ಪುಟ್ಟ ಜಾಲರಿಯ ಮುಂದೆ ತೆಳು ಕಾಗದದ ಚೂರು ಹಿಡಿದ. ಕಾಗದ ಅಂಟಲಿಲ್ಲ, ಕೆಳಗೆ ಬಿತ್ತು.

“ಇದು ಒಳಗಿನ ಗಾಳಿ ಎಳ್ಕೊಂಡು ಕಾವು ನೋಡೋ ಜಾಗ. ಕಾಗದ ಹಿಡ್ಕೋಬೇಕಿತ್ತು. ತೂತೆಲ್ಲಾ ಮುಚ್ಚೈತೆ. ಗಾಳಿ ಸಿಗದೆ, ಬಿಸಿಲಿಗೆ ಕಾದಿರೋ ಡ್ಯಾಶ್‌ಬೋರ್ಡಿನ ಕಾವೇ ಕಾರಿನ ಕಾವು ಅಂದ್ಕೊಂಡು ಸುಮ್ನೆ ತಣ್ಣಗೆ ಊದ್ತೈತೆ.” ಉಗುರಿನಲ್ಲಿ ಕೆರೆದ. ಹಳದಿ ಪುಡಿ ಉದುರಿತು, ಮೇಲೆ ಕೆಂಪು. “ಗಂಧ, ಕುಂಕುಮ! ಯಾರ್ ಮೆತ್ತಿದ್ದು?”

ಸೊಸೆ ನನ್ನನ್ನು ನೋಡಿದಳು.

ಆಯುಧಪೂಜೆಯ ದಿನ ಕಾರಿನ ಒಳಗೆ ಹೊರಗೆ ಪೂಜೆ ಮಾಡಿದವಳು ನಾನು. ಬೀಗದ ತೂತಿಗೂ ಬಿಡದೆ ಹಚ್ಚಿದ್ದೆ. ಆ ಜಾಲರಿಗೆ ಒಂದು ಬೆರಳು ಜಾಸ್ತಿಯೇ ಮೆತ್ತಿದ ನೆನಪು. ಚಳಿಗಾಲ ಪೂರ್ತಿ ಎಸಿ ಹಾಕಿರಲಿಲ್ಲ. ಬೇಸಿಗೆಯಲ್ಲಿ ಮೊದಲು ಹಾಕಿದ್ದೇ ಹಿಂದಿನ ಸಲ ಹುಳು ತರುವಾಗ.

ತಲೆಯಿಂದ ಪಿನ್ನು ತೆಗೆದುಕೊಟ್ಟೆ. ಅವನು ತೂತುಗಳನ್ನು ಬಿಡಿಸಿ, ಬ್ರಶ್ಶಿನಲ್ಲಿ ಉಜ್ಜಿ ಕಾಗದ ಹಿಡಿದ. ಪಟ್ಟನೆ ಅಂಟಿತು.

ಟ್ರೇಗಳನ್ನು ಒಳಗಿಟ್ಟು ಹೊರಟೆವು. ಥರ್ಮಾಮೀಟರಿನ ಮೇಲಿಂದ ಕಣ್ಣು ಕೀಳಲಿಲ್ಲ. ಮುಳಬಾಗಿಲು ದಾಟುವಾಗ ಇಪ್ಪತ್ತೇಳು. ಹುಳು ತಲೆಯೆತ್ತಿ ಸೊಪ್ಪಿನ ಅಂಚು ಹಿಡಿದಿದ್ದವು.

“ಹೋದ ಬೆಳೆ ಕೆಟ್ಟಿದ್ದು ನಿನ್ ಸೊಪ್ಪಿಂದ ಅಲ್ಲ ಕಣೇ. ನಾನ್ ಹಚ್ಚಿದ ಗಂಧದಿಂದ.”

ಅವಳು ರಸ್ತೆ ನೋಡುತ್ತಲೇ ಅಂದಳು, “ಬೈದಿದ್ದು ಎದುರುಮನೆಗೆ ಕೇಳಿಸ್ತು. ಇದು ಕಾರಲ್ಲೇ ಮುಗೀತಾ ಅತ್ತೆ?”

ಊರಿನಲ್ಲಿ ಇಳಿದಾಗ ಎದುರುಮನೆಯವರು ಜಗಲಿಯ ಮೇಲಿದ್ದರು. ಟ್ರೇ ಹಿಡಿದು ಬೀದಿಯಲ್ಲೇ ನಿಂತು ಅದೇ ಮಾತನ್ನು ಗಟ್ಟಿಯಾಗಿ ಇನ್ನೊಮ್ಮೆ ಹೇಳಿದೆ. ಆಮೇಲೆ ಒಳಗೆ ಹೋಗಿ ಥರ್ಮಾಮೀಟರನ್ನು ಅದರ ಮೊಳೆಗೆ ಸಿಕ್ಕಿಸಿದೆ.