ಮೇಷ್ಟ್ರ ಹಳೇ ಲೇಥು
ಹೊಸ ಬಣ್ಣ ಬಳಿದ, ಲೋಹ ಕಡೆಯುವ ಹಳೇ ಲೇಥು ಯಂತ್ರ ಕಂಡರೆ ನಿವೃತ್ತ ವಿಜ್ಞಾನ ಮೇಷ್ಟ್ರಿಗೆ ಮೈಯೆಲ್ಲ ಉರಿಯುತ್ತದೆ. “ಬಣ್ಣ ಯಾರಿಗೆ ಬೇಕಯ್ಯಾ, ಸವೆದಿರೋದೆಲ್ಲಿ ತೋರಿಸು” ಎಂದು ಗುಜರಿಯವನನ್ನು ಗದರಿಸಿ, ಲೋಹ ಕಚ್ಚಿ ತಿರುಗುವ ಚಕ್ಕನ್ನು ಹಿಡಿದು ಅಲುಗಿಸುತ್ತಾರೆ, ಕೊರೆಯುವ ಟೂಲು ಜಾರುವ ಬೆಡ್ಡಿನುದ್ದಕ್ಕೂ ಉಗುರೆಳೆದು ತಗ್ಗು ಹುಡುಕುತ್ತಾರೆ. ಮನೆಯಲ್ಲಿ ಗಿಯರಿನ ಹಲ್ಲುಚಕ್ರಗಳಿಗೆ ಅಡುಗೆಯ ಬೋಗುಣಿಯಲ್ಲೇ ಸೀಮೆಎಣ್ಣೆ ಸ್ನಾನ. “ಇನ್ನೊಂದು ಮಷೀನು ಬಂದ್ರೆ ನಾನೆಲ್ರೀ ಮಲಗ್ಲಿ?” ಎಂದು ಹೆಂಡತಿ ಕೇಳಿದರೆ, “ಮಿಲ್ಲಿಂಗ್ ಮಷೀನಿನ ಮೇಜು ಖಾಲಿ ಇದೆಯಲ್ಲೇ” ಎನ್ನುತ್ತಾರೆ. ಈಚೆಗೆ ಕೈ ನಡುಗುತ್ತದೆ. ಅಂಗಿಯ ಗುಂಡಿಯನ್ನು ಹೆಂಡತಿಯೇ ಹಾಕಬೇಕು. ಇನ್ನು ಮಷೀನಿನ ಕೆಲಸ ಸಾಕು ಎಂದು ಡಾಕ್ಟರು ಹೇಳಿದ ದಿನವೇ ಹೋಗಿ ಮತ್ತೊಂದು ಲೇಥು ತಂದರು. “ಟೂಲ್ ಹಿಡ್ಕೊಳ್ಳೋದು ಲೇಥು ಕಣೇ, ನನ್ನ ಕೈಯಲ್ಲ” ಎಂದವರೇ ನಡುಗುವ ಬೆರಳಲ್ಲೇ ಲಿವರ್ ಒತ್ತಿದರು. ತಿರುಗುವ ಸರಳಿನಿಂದ ಉಕ್ಕಿನ ಸಿಪ್ಪೆ ಎಲ್ಲೂ ತುಂಡಾಗದೆ, ಸುರುಳಿ ಸುರುಳಿಯಾಗಿ ಇಳಿಯತೊಡಗಿತು.