ಗುಡ್ಡದ ಲೋಳಸರದ ಕಹಿ

ನನ್ನ ಅತ್ತೆಯವರ ಬಲಗೈಯ ಹೆಬ್ಬೆರಳು, ತೋರುಬೆರಳು ಯಾವಾಗಲೂ ಹಳದಿ. ಅರಿಶಿನದ್ದಲ್ಲ, ಲೋಳಸರದ ರಸದ ಕಲೆ. ತವರೂರು ಚಿಂಚೋಳಿಗೆ ಹೋದಾಗಲೆಲ್ಲ ಗುಡ್ಡದ ಮೇಲಿನ ಕಲ್ಲುನೆಲದ ಹುಲ್ಲಿನ ನಡುವೆ ಬೆಳೆದ ಗಿಡವನ್ನು ಬೇರುಸಮೇತ ಕಿತ್ತು ತಂದು, ಚಿತ್ತಾಪುರದ ನಮ್ಮ ಮನೆಬಾಗಿಲ ಮೇಲೆ ತಲೆಕೆಳಗಾಗಿ ತೂಗುಹಾಕುತ್ತಿದ್ದರು. ಮಣ್ಣಿಲ್ಲ, ನೀರಿಲ್ಲ, ಆದರೂ ತಿಂಗಳುಗಟ್ಟಲೆ ಹಸಿರಾಗಿರುತ್ತಿತ್ತು.

ಹಿತ್ತಲಿನ ದಪ್ಪ ಎಲೆಯ ಲೋಳಸರ ಕಂಡರೆ ಅವರಿಗೆ ತಾತ್ಸಾರ. “ಇದು ಕುಂತು ಉಂಡು ಮೈ ಬಂದದ್ದು. ಕಹಿ ಬೇಕಂದ್ರ ಗುಡ್ಡದ್ದೇ ಬೇಕು,” ಎಂದು ನನ್ನ ಕಡೆ ನೋಡಿಯೇ ಹೇಳುತ್ತಿದ್ದರು. ನಾನು ಆಗ ತುಸು ದಪ್ಪಗಿದ್ದೆ.

ನಿಜಾಮರ ಕಾಲ. ನನ್ನ ಗಂಡ ಕಚೇರಿಯಲ್ಲಿ ಉರ್ದು ಬರೆದೂ ಬರೆದೂ ಮನೆಯಲ್ಲಿಯೂ ಹುಕುಂ ಹೊರಡಿಸುತ್ತಿದ್ದರು. ತಾಯಿಯ ಮುಂದೆ ಮಾತ್ರ ಬಾಲ ಮುದುರಿಕೊಳ್ಳುತ್ತಿದ್ದರು.

ಮಗನಿಗೆ ಮೂರು ತುಂಬುತ್ತ ಬಂದರೂ ಎದೆಹಾಲು ಬಿಟ್ಟಿರಲಿಲ್ಲ. ಜ್ವರ ಬಿದ್ದೆದ್ದ ನಾನು ಕಡ್ಡಿಯಾಗಿದ್ದೆ. ಹಾಲು ಬಿಡಿಸಲೇಬೇಕೆಂದು ಹಕೀಮರು ಹೇಳಿದರು. ನಾನು ಬೇಡವೆಂದು ಅತ್ತುಬಿಟ್ಟೆ. ಎದೆಗೆ ಕಹಿ ಹಚ್ಚಿಕೊಂಡರೆ ಮಗ ಹಾಲಿನ ಜೊತೆ ನನ್ನನ್ನೂ ಬಿಟ್ಟಾನು ಎಂಬ ಹೆದರಿಕೆ.

ಅತ್ತೆಯವರು ಬಾಗಿಲ ಮೇಲಿನ ಗಿಡದಿಂದ ಎಲೆ ಮುರಿದು, ರಸವನ್ನು ಮೊದಲು ತಾವೇ ನೆಕ್ಕಿ ಮುಖ ಕಿವುಚಿದರು. “ಕೂಸಿನ ಬಾಯಿಗೆ ಹೋಗೋದು ಎಂಥಾದ್ದಂತ ನನಗ ಗೊತ್ತಿರಬೇಕಲ್ಲವಾ,” ಎಂದು ತಮ್ಮ ಕೈಯಿಂದಲೇ ಹಚ್ಚಿದರು.

ಮಗ ಬಾಯಿಟ್ಟವನೇ ಚೀರಿದ. ನನ್ನನ್ನೇ ದಿಟ್ಟಿಸಿದ. ಅಷ್ಟರಲ್ಲಿ ಅತ್ತೆಯವರು ಅವನ ಮುಂದೆ ಕುಳಿತು ಹಳದಿ ಬೆರಳು ತೋರಿಸಿದರು.

“ಇಲ್ಲಿ ನೋಡು, ನಾನೇ ಹಚ್ಚೀನಿ. ನಿಮ್ಮವ್ವ ಬ್ಯಾಡಂದ್ಳು. ಹೊಡೀಬೇಕಂದ್ರ ನನಗ ಹೊಡಿ.”

ಹೊಡೆದೇಬಿಟ್ಟ, ಮೂಗುತಿ ಸೊಟ್ಟಗಾಗುವಂತೆ. ಆಮೇಲೆ ನನ್ನ ಕೊರಳು ತಬ್ಬಿ, ಬಿಕ್ಕುತ್ತ ನಿದ್ದೆಹೋದ.

ಮೊಮ್ಮಗನೆಂದರೆ ಅವರಿಗೆ ಪ್ರಾಣ. ಅವನೋ ಹಲವು ದಿನ ಅವರ ಹತ್ತಿರ ಸುಳಿಯಲಿಲ್ಲ. “ಬರ್ತಾನ ಬಿಡು, ಎಲ್ಲಿಗೆ ಹೋಗ್ತಾನ,” ಎನ್ನುತ್ತ ಸೆರಗಿನ ತುದಿಯಲ್ಲಿ ಬೆಲ್ಲದ ಚೂರು ಗಂಟು ಕಟ್ಟಿಕೊಂಡು ತಿರುಗುತ್ತಿದ್ದರು. ಒಂದು ಮಧ್ಯಾಹ್ನ ಅವನೇ ಹೋಗಿ ಗಂಟು ಬಿಚ್ಚಿದ. ಅವರು ಇನ್ನೊಂದು ಕಡೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡರು.

ಅತ್ತೆಯವರು ತೀರಿಹೋಗಿ ಎಷ್ಟೋ ವರ್ಷಗಳಾದವು. ಆ ಮಗನ ಮಗನಿಗೆ ನಿನ್ನೆ ಹಾಲು ಬಿಡಿಸಿದೆವು. ಸೊಸೆ ಅಳುತ್ತಿದ್ದಳು. ನಾನೇ ಎಲೆ ಮುರಿದು, ಮೊದಲು ನೆಕ್ಕಿ, ಹಚ್ಚಿ, ಮೊಮ್ಮಗನಿಗೆ ನನ್ನ ಬೆರಳು ತೋರಿಸಿದೆ. ಅವನ ಪೆಟ್ಟೂ ಜೋರಾಗಿಯೇ ಇತ್ತು.

ನಿನ್ನೆಯಿಂದ ಅವನು ನನ್ನ ಮುಖ ನೋಡುತ್ತಿಲ್ಲ. ಸೆರಗಿನಲ್ಲಿ ಬೆಲ್ಲ ಕಟ್ಟಿಕೊಂಡು ಕುಳಿತಿದ್ದೇನೆ.