ಹುನಗುಂದದ ಸಾಹುಕಾರರ ಹೆಸರಿನಲ್ಲಿ ಬಂದ ಫೋನು

ಇಳಕಲ್ಲಿನ ನಮ್ಮ ಮನೆಗೆ ಮೊದಲ ಮೊಬೈಲು ಬಂದಾಗ ನಾನು ಪಿಯುಸಿ ಓದುತ್ತಿದ್ದೆ. ಬೆಂಕಿಪೆಟ್ಟಿಗೆಗಿಂತ ಚಿಕ್ಕ ಪರದೆ, ಒತ್ತಿದರೆ ಕಿಂಯ್ ಎನ್ನುವ ಗುಂಡಿಗಳು, ನೆತ್ತಿಯ ಮೇಲೊಂದು ಬ್ಯಾಟರಿ ದೀಪ. ಅಪ್ಪ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡೇ ಸೀರೆ ನೇಯಲು ಮಗ್ಗಕ್ಕೆ ಕೂಡುತ್ತಿದ್ದ.

ಫೋನಿನೊಳಗಿದ್ದದ್ದೆಲ್ಲ ಇಂಗ್ಲಿಷು. ಅಪ್ಪನಿಗೆ ಅದು ಬಾರದು. ಹಾಗಾಗಿ ಹೆಸರುಗಳನ್ನು ಸೇರಿಸುವ ಅಧಿಕಾರ ನನ್ನದು. ಅಪ್ಪ ಮೊದಲ ಅಕ್ಷರದ ಆಕಾರ ನೋಡಿ ಆಳನ್ನು ಗುರುತಿಸುತ್ತಿದ್ದ. ಸುರುಳಿ ಸುತ್ತಿದ ಅಕ್ಷರ ಕಂಡರೆ ಹುನಗುಂದದ ಸಾಹುಕಾರರು, ಅಂದರೆ ನಮಗೆ ನೂಲು ಕೊಟ್ಟು ಸೀರೆ ಒಯ್ಯುತ್ತಿದ್ದ ವ್ಯಾಪಾರಿ. ಕೈಕಾಲು ಚಾಚಿ ನಿಂತ ಅಕ್ಷರ ಕಂಡರೆ ಗುಳೇದಗುಡ್ಡದ ಕಾಕಾ, ಅಪ್ಪನ ಒಬ್ಬನೇ ತಮ್ಮ. ಸಾಹುಕಾರರಾದರೆ ಎದ್ದು ನಿಂತು ಮಾತಾಡುತ್ತಿದ್ದ. ಕಾಕಾ ಆದರೆ ಕೆಂಪು ಗುಂಡಿ ಒತ್ತುತ್ತಿದ್ದ.

ಅಣ್ಣತಮ್ಮಂದಿರು ಮಾತು ಬಿಟ್ಟು ಎರಡು ವರ್ಷವಾಗಿತ್ತು. ಕಾರಣ ಒಂದು ಫೋಟೋ. ಸೋದರತ್ತೆಯ ಮದುವೆಯಲ್ಲಿ ಅಪ್ಪ ಊಟದ ಪಂಕ್ತಿ ನೋಡಿಕೊಳ್ಳುತ್ತಿದ್ದಾಗ, ಕಾಕಾ ಅವನನ್ನು ಬಿಟ್ಟು ಮನೆಮಂದಿಯನ್ನೆಲ್ಲ ನಿಲ್ಲಿಸಿ ಫೋಟೋ ತೆಗೆಸಿಬಿಟ್ಟಿದ್ದ. ಅಷ್ಟೇ.

ಅಪ್ಪ ಮಧ್ಯಾಹ್ನ ಉಣ್ಣಲು ಕೂತಾಗ ಹಾವಿನ ಆಟ ಆಡಲು ಫೋನು ನನ್ನ ಕೈಗೆ ಬರುತ್ತಿತ್ತು. ಒಂದು ದಿನ ಹಾವು ಉದ್ದ ಬೆಳೆದಿದ್ದಾಗಲೇ ಫೋನು ಬಂತು. ಮಾತಾಡಿದವಳು ಕಾಕಾನ ಮಗಳು, ನನ್ನ ಓರಗೆಯವಳು.

"ನಂದು ನಿಶ್ಚಯ ಐತಿ. ಕರೀಬೇಕಂತ ಅಪ್ಪ ಮೂರು ಸಲ ಹಚ್ಚ್ಯಾನ, ದೊಡ್ಡಪ್ಪ ಎತ್ತವಲ್ಲ. ನೀ ಏನರ ಮಾಡ್ವಾ."

ಹಿಂದೆ ಮುಂದೆ ನೋಡದೆ ಫೋನಿನಲ್ಲಿ ಸಾಹುಕಾರರ ಮತ್ತು ಕಾಕಾನ ಹೆಸರುಗಳನ್ನು ಅದಲುಬದಲು ಮಾಡಿದೆ. ಆ ಸಂಜೆಯೇ ಫೋನು ಎರಡು ಸಲ ಬಡಿದುಕೊಂಡಿತು. ಅಪ್ಪ ಕೈಕಾಲು ಚಾಚಿದ ಅಕ್ಷರ ನೋಡಿ, "ಮತ್ತ ಇವಂದೇ!" ಎಂದು ಗೊಣಗಿ ಎರಡು ಸಲವೂ ಕಟ್ ಮಾಡಿದ. ಆ ಕಡೆ ಇದ್ದವರು ಸಾಕ್ಷಾತ್ ಸಾಹುಕಾರರು ಎಂದು ಹೇಳುವ ಧೈರ್ಯ ನನಗಾಗಲಿಲ್ಲ.

ಮರುದಿನ ಕಾಕಾ ಹಚ್ಚಿದ. ಅಪ್ಪ ಸುರುಳಿ ಅಕ್ಷರ ನೋಡಿದವನೇ ಲಾಳಿ ಬಿಟ್ಟು, ಹೆಗಲ ಟವೆಲು ಸರಿಮಾಡಿಕೊಂಡು, ಸಿಗ್ನಲ್ ಸಿಗುವ ಮಾಳಿಗೆಯ ಮೆಟ್ಟಿಲೇರಿದ. ಇತ್ತ ನೆರೆಮನೆಗಳ, ಅತ್ತ ಕಾಕಾನ ಓಣಿಯ ಮಗ್ಗಗಳ ಸದ್ದು, ಸಾಲದ್ದಕ್ಕೆ ಫೋನಿನ ಕರಕರ. ದನಿ ಯಾರದೆಂದು ಬ್ರಹ್ಮನಿಗೂ ತಿಳಿಯುವಂತಿರಲಿಲ್ಲ.

"ನಮಸ್ಕಾರ್ರಿ! ಹೇಳ್ರಿ! ... ಬರೂದೇನ್ರಿ? ನೀವು ಕರದ್ರ ಬರದs ಇರ್ತೇನೇನ್ರಿ? ... ಹೂನ್ರಿ, ಮನಿ ಮಂದೀನೆಲ್ಲಾ ಕರ್ಕೊಂಡs ಬರ್ತೇನಿ!"

ಕೆಳಗೆ ಅವ್ವ ನೂಲು ಸುತ್ತುವ ರಾಟಿ ನಿಲ್ಲಿಸಿದಳು. ಆಗ ಕಾಕಾ ಅತ್ತುಕೊಂಡು ಒದರಿದ್ದು ಮೆಟ್ಟಿಲ ಕೆಳಗಿದ್ದ ನನಗೂ ಕೇಳಿಸಿತು: "ಅಣ್ಣಾ, ನನಗ ರೀ ಹಚ್ಚಿ ಮಾತಾಡಬ್ಯಾಡೋ! ತಪ್ಪಾತು!"

ಅಪ್ಪ ಫೋನನ್ನು ಕಿವಿಯಿಂದ ತೆಗೆದು ನೋಡಿದ. ಆಮೇಲೆ ನನ್ನನ್ನು ನೋಡಿದ. ನಾನು ಗೋಡೆ ನೋಡಿದೆ. ಅವನು ಕೆಂಪು ಗುಂಡಿ ಒತ್ತುತ್ತಾನೆಂದೇ ಎಣಿಸಿದ್ದೆ. ಒತ್ತಲಿಲ್ಲ. "ಯಾವತ್ತ ಐತಿ?" ಎಂದಷ್ಟೇ ಕೇಳಿದ.

ಕೆಳಗಿಳಿದು ಬಂದು ನನ್ನ ಮುಂದೆ ನಿಂತ. "ಹುನಗುಂದದ ಸಾಹುಕಾರ್ರು ಗುಳೇದಗುಡ್ಡಕ್ಕ ಯಾವಾಗ ಹೋದ್ರು?"

"ಇಂಗ್ಲಿಷ್ ಫೋನ್ ಅಲ್ಲೇನಪಾ, ಒಮ್ಮೊಮ್ಮೆ ತಪ್ತೈತಿ" ಎಂದೆ. ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಓಡಿದಳು.

ಸಂಜೆ ಸಾಹುಕಾರರು ಮೋಟರ್ ಸೈಕಲ್ ಮೇಲೆ ತಾವೇ ಬಂದಿಳಿದರು. "ಏನ್ರಿ, ನನ್ನ ಫೋನ್ ಕಟ್ ಮಾಡುವಷ್ಟು ದೊಡ್ಡವರಾದ್ರಿ?" ಅಪ್ಪ ನನ್ನತ್ತ ಬೆರಳು ತೋರಿಸಿದ. ನಡೆದದ್ದನ್ನು ಕೇಳಿ ಸಾಹುಕಾರರು ಹೊಟ್ಟೆ ಹಿಡಿದುಕೊಂಡು ನಕ್ಕು, ಎರಡು ಕಪ್ ಚಹಾ ಕುಡಿದು ಹೋದರು.

ನನಗೆ ಏಟು ಬೀಳಲಿಲ್ಲ. ಅಂದಿನಿಂದ ಅಪ್ಪ ನನ್ನಿಂದಲೇ ಎಬಿಸಿಡಿ ಕಲಿತ. ಮಗ್ಗದ ತಾಳಕ್ಕೆ ಸರಿಯಾಗಿ ಅಕ್ಷರಗಳನ್ನು ಬಾಯಿಪಾಠ ಹೇಳುತ್ತಿದ್ದ. ಡಬ್ಲ್ಯೂ ಬಂದಾಗಲೆಲ್ಲ ನೂಲು ಹರಿಯುತ್ತದೆಂದು ಬೈಯುತ್ತಿದ್ದ. ನಿಶ್ಚಯಕ್ಕೆ ಎಲ್ಲರೂ ಹೋದೆವು. ಕಾಕಾ ಅಪ್ಪನ ತೋಳು ಹಿಡಿದು ಎಳೆದು ನಡುವೆ ನಿಲ್ಲಿಸಿ ಏಳು ಫೋಟೋ ತೆಗೆಸಿದ. ಏಳರಲ್ಲಿಯೂ ಅಪ್ಪನ ಕಣ್ಣು ಮುಚ್ಚಿವೆ.

ಈಗ ಇಬ್ಬರ ಕೈಯಲ್ಲೂ ಅಂಗೈ ಅಗಲದ ಟಚ್ ಫೋನು. ಕಾಕಾ ವಿಡಿಯೋ ಕಾಲ್ ಮಾಡಿದರೆ ನಮಗೆ ಬರೀ ಅವನ ಹಣೆ ಕಾಣುತ್ತದೆ. ಹೋದ ವಾರ ಯಾವುದೋ ಮಾತಿಗೆ ಸಿಟ್ಟಾಗಿ ಅಪ್ಪ ಮನೆಯವರ ಗ್ರೂಪಿನಿಂದ ಹೊರಬಿದ್ದ. ಐದೇ ನಿಮಿಷಕ್ಕೆ ಕಾಕಾನ ವಿಡಿಯೋ ಕಾಲ್. ಬೇಡವೆನ್ನಲು ಹೋಗಿ ಅಪ್ಪ ಎಲ್ಲೋ ಉಜ್ಜಿದ. ಕಾಕಾನ ಹಣೆ ಪ್ರತ್ಯಕ್ಷವಾಯಿತು.

"ಇವನ್ನ ಕಟ್ ಮಾಡೂದು ಹ್ಯಾಂಗವಾ?" ಅಪ್ಪ ನನ್ನನ್ನು ಕೇಳಿದ.

"ನನಗ ಕೇಳ್ಸಾಕತ್ತೈತಿ ಅಣ್ಣಾ" ಎಂದಿತು ಹಣೆ.

ನನಗೂ ಗೊತ್ತಿಲ್ಲ ಎಂದು ಹೇಳಿ ನಾನು ಚಹಾ ಇಡಲು ಎದ್ದೆ.